ಗುದ್ದು ತಿಂದವನು ಬರೆದ ದೆವ್ವದ ಕಥೆಗಳು

(ಪತ್ರಿಕೋದ್ಯಮದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬರಹಕ್ಕೆ ಇಳಿಸುವಾಗ ಕೆಲವು ಕಡೆ ತಿದ್ದಿದ್ದೇನೆ, ಕೆಲವು ಕಡೆ ಬೆಳೆಸಿದ್ದೇನೆ.)

ಕ್ರೀಡಾ ವರದಿಗಾರನೊಬ್ಬ ದೆವ್ವದ ಕಥೆಗಾರನಾದ ಬಗೆಯನ್ನು ಕುರಿತು ಮಾತನಾಡುತ್ತೇನೆಂದು ನಾನು ಹೇಳಿದಾಗ ಈ ಕಾರ್ಯಕ್ರಮದ ಸಂಘಟಕರು ಒಂದು ಗಳಿಗೆ ಸುಮ್ಮನಿದ್ದು, 'ಸರ್, ಅವು ಎರಡು ಬೇರೆ ಬೇರೆ ಉಪನ್ಯಾಸಗಳಲ್ಲವೇ?' ಎಂದು ಕೇಳಿದರು. ಅವರ ಅನುಮಾನ ಸಹಜವಾದದ್ದೇ. ಕ್ರೀಡಾಪುಟವೆಂದರೆ ಸಾವಿರಾರು ಜನ ಬೆಳಕಿನಲ್ಲಿ ಕಣ್ಣಾರೆ ಕಂಡ ಸಂಗತಿ, ಅಂಕಿಗಳಲ್ಲಿ ಕರಾರುವಾಕ್ಕಾಗಿ ಮುಗಿಯುವ ಸಂಗತಿ. ದೆವ್ವದ ಕಥೆಯೆಂದರೆ ಕತ್ತಲಲ್ಲಿ ಒಬ್ಬನೇ ಕಂಡದ್ದು, ಬೆಳಗಾದರೆ ಕಂಡವನಿಗೇ ಅನುಮಾನ ಬರುವಂಥದ್ದು. ಆದರೆ ಮೂವತ್ತು ವರ್ಷ ಕ್ರೀಡಾಪುಟದಲ್ಲಿ ದುಡಿದ ಮೇಲೆ, ಈ ಎರಡರ ನಡುವಿನ ಗೋಡೆ ಹೊರಗಿನವರಿಗೆ ಕಾಣುವಷ್ಟು ದಪ್ಪವಾಗಿಲ್ಲ ಎಂದು ನನಗೆ ಅನ್ನಿಸತೊಡಗಿದೆ.

ನಮ್ಮಲ್ಲೇ ಬಳಕೆಯಲ್ಲಿರುವ ಒಂದು ಪದವನ್ನು ನೋಡಿ. ಮೈಸೂರು ಸೀಮೆಯಲ್ಲಿ ಗರಡಿ ಎಂದರೆ ಪೈಲ್ವಾನರು ಕೆಮ್ಮಣ್ಣಿನ ಮೇಲೆ ಸಾಮು ಮಾಡುವ, ಕುಸ್ತಿ ಕಲಿಯುವ ಜಾಗ. ಘಟ್ಟ ಇಳಿದು ತುಳುನಾಡಿಗೆ ಹೋದರೆ ಗರಡಿ ಎಂದರೆ ಕೋಟಿ-ಚೆನ್ನಯರನ್ನು ಆರಾಧಿಸುವ ಸ್ಥಾನ. ಅಂಗಸಾಧನೆಯಲ್ಲಿ ಪಳಗಿದ ಅವಳಿ ವೀರರು ಬದುಕಿದ್ದಾಗ ಕಾದಾಡಿದರು, ಸತ್ತ ಮೇಲೆ ದೈವಗಳಾಗಿ ನೇಮ ಸ್ವೀಕರಿಸುತ್ತಾರೆ. ವ್ಯಾಯಾಮಶಾಲೆಗೂ ದೈವದ ಗುಡಿಗೂ ಒಂದೇ ಹೆಸರಿಟ್ಟ ಜನ ನಾವು. ಆದ್ದರಿಂದ ನನ್ನ ವಿಷಯ ವಿಚಿತ್ರವೆಂದು ಕನ್ನಡದಲ್ಲಿ ಹೇಳುವುದು ಸ್ವಲ್ಪ ಕಷ್ಟ.

ನಾನು ಹೇಳಹೊರಟಿರುವುದು ಅಮೆರಿಕದ ಪಾಲ್ ಗ್ಯಾಲಿಕೊ ಎಂಬವನ ಬಗ್ಗೆ. 1897ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈತನ ತಂದೆ ಇಟಲಿಯ ಕಡೆಯ ಪಿಯಾನೊ ವಾದಕ, ತಾಯಿ ಆಸ್ಟ್ರಿಯಾದವಳು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಹುಟ್ಟು ಹಾಕುವ ದೋಣಿ ಸ್ಪರ್ಧೆಯ ತಂಡದಲ್ಲಿದ್ದ, ಆರಡಿ ಮೀರಿದ ಆಳು. 1919ರಲ್ಲಿ ಶುರುವಾದ ನ್ಯೂಯಾರ್ಕಿನ 'ಡೇಲಿ ನ್ಯೂಸ್' ಪತ್ರಿಕೆಗೆ ಅವನು ಮೊದಲು ಸೇರಿದ್ದು ಸಿನಿಮಾ ವಿಮರ್ಶಕನಾಗಿ. ವಿಮರ್ಶೆಗಳಲ್ಲಿ ಅಧಿಕಪ್ರಸಂಗ ಹೆಚ್ಚಾಯಿತೆಂದು ಮಾಲೀಕರಿಗೆ ಅನ್ನಿಸಿ ಆ ಕೆಲಸ ತಪ್ಪಿತು. ಕ್ರೀಡಾ ವಿಭಾಗದ ಮೂಲೆಯೊಂದರಲ್ಲಿ ಆಶ್ರಯ ಸಿಕ್ಕಿತು. ಪತ್ರಿಕಾ ಕಚೇರಿಗಳಲ್ಲಿ ಕ್ರೀಡಾ ವಿಭಾಗಕ್ಕೆ ಜನ ಬರುವುದು ಎಷ್ಟೋ ಸಲ ಹೀಗೆಯೇ, ಬೇರೆಲ್ಲೋ ಜಾಗ ಇಲ್ಲದ್ದಕ್ಕೆ. ನಾನೂ ಹಾಗೆಯೇ ಬಂದವನು.

1923ರ ಬೇಸಿಗೆಯಲ್ಲಿ ಹೆವಿವೇಯ್ಟ್ ಬಾಕ್ಸಿಂಗಿನ ವಿಶ್ವ ಚಾಂಪಿಯನ್ ಜಾಕ್ ಡೆಂಪ್ಸಿ, ಅರ್ಜೆಂಟೀನಾದ ಲೂಯಿಸ್ ಫಿರ್ಪೊ ಎದುರಿನ ಪಂದ್ಯಕ್ಕಾಗಿ ಸರಟೋಗ ಸ್ಪ್ರಿಂಗ್ಸ್ ಎಂಬಲ್ಲಿ ಬಿಡಾರ ಹೂಡಿ ತಾಲೀಮು ನಡೆಸಿದ್ದ. ಅದನ್ನು ವರದಿ ಮಾಡಲು ಹೋದ ಗ್ಯಾಲಿಕೊಗೆ ಆಗ ಇಪ್ಪತ್ತಾರರ ಆಸುಪಾಸು. ಡೆಂಪ್ಸಿಯ ಎದುರು ತಾಲೀಮಿಗೆ ನಿಂತವರು ಬೀಳುವುದನ್ನು ನೋಡುತ್ತಾ ಕುಳಿತವನಿಗೆ ಒಂದು ಬಗೆಯ ನಾಚಿಕೆ ಹುಟ್ಟಿತು. ಜೀವಮಾನದಲ್ಲಿ ಒಂದೂ ಗುದ್ದು ತಿನ್ನದ ನಾನು, ಗುದ್ದು ತಿಂದವನು ಹೀಗೇಕೆ ಬಿದ್ದ, ಬಿದ್ದವನು ಏಕೆ ಏಳಲಿಲ್ಲ ಎಂದು ತೀರ್ಪು ಬರೆಯುವುದು ಹೇಗೆ? ಅವನು ನೇರವಾಗಿ ಡೆಂಪ್ಸಿಯ ಬಳಿ ಹೋಗಿ, ತನ್ನೊಂದಿಗೆ ಒಂದು ಸುತ್ತು ಆಡಬೇಕೆಂದು ಕೇಳಿಕೊಂಡ. ಡೆಂಪ್ಸಿ ಒಪ್ಪಿದ. ಎರಡು ನಿಮಿಷ ತುಂಬುವುದರೊಳಗೆ ಎಲ್ಲವೂ ಮುಗಿದುಹೋಗಿತ್ತು.

ಆ ಎರಡು ನಿಮಿಷವನ್ನು ಅವನು ಮುಂದೆ ಬರೆದಿಟ್ಟ ಬಗೆಯೇ ನನಗೆ ಮುಖ್ಯ. ನೋವಾಯಿತು ಎಂದು ಅವನು ಬರೆಯುವುದಿಲ್ಲ. ತಾನು ನೆಲದ ಮೇಲೆ ಕುಳಿತಿದ್ದಂತೆ ರಿಂಗು, ಸುತ್ತಲಿನ ಜನ ಎಲ್ಲವೂ ಗಡಿಯಾರದ ಮುಳ್ಳಿನ ಹಾಗೆ ಒಂದು ಸುತ್ತು ತಿರುಗಿ, ನಿಂತು, ಮತ್ತೆ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿದವು ಎನ್ನುತ್ತಾನೆ. ಎಲ್ಲೋ ಯಾರೋ ಎಣಿಸುತ್ತಿರುವುದು ಕೇಳುತ್ತದೆ. ಎದ್ದು ನಿಲ್ಲಬೇಕೆಂಬ ಅರ್ಥವಿಲ್ಲದ ಹಟವೊಂದು ಬಂದು ಮೈಯನ್ನು ಮೇಲಕ್ಕೆತ್ತುತ್ತದೆ. ಎದ್ದವನನ್ನು ಡೆಂಪ್ಸಿ ಹತ್ತಿರಕ್ಕೆ ಎಳೆದುಕೊಂಡು, ತಲೆ ತಿಳಿಯಾಗುವವರೆಗೆ ತನ್ನನ್ನು ಬಿಗಿಯಾಗಿ ಹಿಡಿದುಕೊಂಡಿರಲು ಕಿವಿಯಲ್ಲಿ ಹೇಳುತ್ತಾನೆ. ಆ ಕರುಣೆ ಬಾಯಿಗೆ ಬಂದಿತ್ತೇ ಹೊರತು ಕೈಗಳಿಗೆ ಬಂದಿರಲಿಲ್ಲ, ಮತ್ತೆ ಕತ್ತಲು. ಬಾಕ್ಸಿಂಗಿನ ವಿಷಯ ಮರೆಮಾಚಿ ಇಷ್ಟನ್ನೇ ನಮ್ಮ ಊರಿನ ಯಾರಿಗಾದರೂ ಓದಿ ಹೇಳಿದರೆ, ಮೈಮೇಲೆ ಬಂದಾಗ ಏನಾಯಿತೆಂದು ಯಾರೋ ಹೇಳುತ್ತಿದ್ದಾರೆ ಎಂದೇ ಅವರು ತಿಳಿಯುತ್ತಾರೆ.

ಕಂಡದ್ದನ್ನಲ್ಲ, ಆದದ್ದನ್ನು ಬರೆಯುವ ಈ ಪದ್ಧತಿಗೆ ನಮ್ಮ ಕಥೆಗಳಲ್ಲಿ ಪರಕಾಯ ಪ್ರವೇಶ ಎಂಬ ಹೆಸರಿದೆ. ಶಂಕರಾಚಾರ್ಯರು ಸತ್ತ ಅಮರುಕ ರಾಜನ ದೇಹವನ್ನು ಹೊಕ್ಕದ್ದು ಏಕೆಂದು ಶಂಕರವಿಜಯದ ಕಥೆ ಹೇಳುವುದನ್ನು ನೆನಪಿಸಿಕೊಳ್ಳಿ. ವಾದದಲ್ಲಿ ಉಭಯಭಾರತಿ ಕೇಳಿದ ಪ್ರಶ್ನೆಗಳು ಸಂಸಾರದ ಸುಖಕ್ಕೆ ಸಂಬಂಧಪಟ್ಟವು. ಅದನ್ನು ಅನುಭವಿಸದ ಸಂನ್ಯಾಸಿಗೆ ಉತ್ತರಿಸುವ ಅಧಿಕಾರವಿಲ್ಲ. ಆದ್ದರಿಂದ ಇನ್ನೊಂದು ಮೈ ಬೇಕಾಯಿತು. ಗ್ಯಾಲಿಕೊನ ತೊಡಕೂ ಇದೇ ಆಗಿತ್ತು, ಅವನು ಬಿಡಿಸಿಕೊಂಡ ರೀತಿಯೂ ಇದೇ. ಮುಂದೆ ಬೇಸ್‌ಬಾಲ್ ಆಟಗಾರ ಹರ್ಬ್ ಪೆನ್ನಾಕ್ ಎಸೆದ ತಿರುವಿನ ಚೆಂಡನ್ನು ತಾನೇ ಕೈಗವಸು ಹಾಕಿ ಹಿಡಿದು ನೋಡಿದ. ಬಾಬಿ ಜೋನ್ಸ್ ಜೊತೆ ಗಾಲ್ಫ್ ಆಡಿದ. ದಶಕಗಳ ಮೇಲೆ ಅಮೆರಿಕದ ಬರಹಗಾರ ಜಾರ್ಜ್ ಪ್ಲಿಂಪ್ಟನ್ ಇದೇ ದಾರಿ ಹಿಡಿದು ಹೆಸರಾದಾಗ ಗ್ಯಾಲಿಕೊನಿಗೆ ತಾನು ಋಣಿ ಎಂದು ಒಪ್ಪಿಕೊಂಡಿದ್ದಾನೆ.

ಗ್ಯಾಲಿಕೊ ಬರೆಯುತ್ತಿದ್ದ ಕಾಲದ ಅಮೆರಿಕದ ಕ್ರೀಡಾಪುಟ ನಾವು ಇಂದು ಓದುವಂಥ ಕ್ರೀಡಾಪುಟವಾಗಿರಲಿಲ್ಲ. 1924ರ ಅಕ್ಟೋಬರಿನಲ್ಲಿ ನೋಟ್ರ ಡಾಮ್ ವಿಶ್ವವಿದ್ಯಾಲಯದ ತಂಡ ಆರ್ಮಿ ತಂಡವನ್ನು ಅಮೆರಿಕನ್ ಫುಟ್‌ಬಾಲಿನಲ್ಲಿ ಸೋಲಿಸಿದಾಗ, ಗ್ರಾಂಟ್‌ಲ್ಯಾಂಡ್ ರೈಸ್ ಎಂಬ ಅಂದಿನ ದೊಡ್ಡ ವರದಿಗಾರ ಗೆದ್ದ ತಂಡದ ನಾಲ್ವರು ಆಟಗಾರರನ್ನು ಬೈಬಲ್ಲಿನ ಪ್ರಳಯಕಾಲದ ನಾಲ್ವರು ಕುದುರೆ ಸವಾರರೆಂದು ಕರೆದು ವರದಿ ಶುರುಮಾಡಿದ. ಇಂದಿಗೂ ಅಮೆರಿಕದಲ್ಲಿ ಆ ನಾಲ್ವರನ್ನು ನೆನೆಯುವುದು ಅದೇ ಹೆಸರಿನಿಂದ. ಅಂದರೆ ಕ್ಷಾಮ, ಸಾವುಗಳು ಕುದುರೆಯೇರಿ ಬರುವ ದೃಶ್ಯ ಕ್ರೀಡಾಪುಟದಲ್ಲಿ ಆಗಲೇ ಅಚ್ಚಾಗುತ್ತಿತ್ತು, ಪಕ್ಕದಲ್ಲೇ ಅಂಕಪಟ್ಟಿಯ ಸಮೇತ. ರೈಸ್ ಮತ್ತು ಗ್ಯಾಲಿಕೊ ನಡುವಿನ ವ್ಯತ್ಯಾಸವೂ ಇಲ್ಲೇ ಇದೆ ಎಂದು ನನ್ನ ಎಣಿಕೆ. ರೈಸ್‌ಗೆ ಅತಿಮಾನುಷವು ಒಂದು ಉಪಮೆ, ಎತ್ತರದಲ್ಲಿ ಕುಳಿತವನು ಆಟಗಾರರ ಮೇಲೆ ಹೊದಿಸಿದ ಜರಿಶಾಲು. ಗ್ಯಾಲಿಕೊಗೆ ಅದು ಎರಡು ನಿಮಿಷದೊಳಗೆ ಮೈಗೆ ತಾಗಿದ ಸಂಗತಿ. ನಿಜವಾದ ದೆವ್ವದ ಕಥೆ ಹುಟ್ಟುವುದು ಎರಡನೆಯದರಿಂದ.

ಇಲ್ಲಿ ನನ್ನದೊಂದು ಸಣ್ಣ ಪ್ರಸಂಗ ಹೇಳಿ ಮುಂದಕ್ಕೆ ಹೋಗುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಬಡ್ಡಿ ಪಂದ್ಯದ ವರದಿಯಲ್ಲಿ ನಾನು 'ಪವಾಡಸದೃಶ ಗೆಲುವು' ಎಂದು ಬರೆದು ಕೊಟ್ಟೆ. ಡೆಸ್ಕಿನಲ್ಲಿದ್ದ ಹಿರಿಯ ಉಪಸಂಪಾದಕರು ಆ ಎರಡು ಪದಗಳ ಮೇಲೆ ಕೆಂಪು ಶಾಯಿಯ ಗೀಟು ಎಳೆದು, ಅಂಚಿನಲ್ಲಿ 'ಎಷ್ಟು ನಿಮಿಷ ಉಳಿದಿತ್ತು? ಅಂಗಳದಲ್ಲಿ ಎಷ್ಟು ಜನ?' ಎಂದು ಬರೆದು ಕಾಗದ ವಾಪಸು ಕಳಿಸಿದರು. ಉಳಿದದ್ದು ಎರಡು ನಿಮಿಷ; ಅಂಗಳದಲ್ಲಿ ಒಬ್ಬನೇ ಒಬ್ಬ, ಅವನ ಬಲಮೊಣಕಾಲಿಗೆ ಪಟ್ಟಿ ಕಟ್ಟಿತ್ತು. ಅವನು ದಾಳಿಗೆ ಬಂದವನ ಹಿಮ್ಮಡಿ ಹಿಡಿದು ಬಿಡಲೇ ಇಲ್ಲ. ಇಷ್ಟನ್ನು ಬರೆದ ಮೇಲೆ 'ಪವಾಡ' ಎಂಬ ಪದ ಬೇಕಾಗಲಿಲ್ಲ, ಓದಿದವರು ತಾವೇ ಆ ಪದವನ್ನು ಆಡಿದರು. ಆ ಹಿರಿಯರು ಕಲಿಸಿದ್ದು ಕ್ರೀಡಾ ವರದಿ ಬರೆಯುವುದನ್ನು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಎಷ್ಟೋ ವರ್ಷಗಳ ಮೇಲೆ ಒಂದೆರಡು ಭೂತದ ಕಥೆ ಬರೆಯಲು ಕುಳಿತಾಗ ಕೈಹಿಡಿದದ್ದು ಅದೇ ಕೆಂಪು ಶಾಯಿ. ದೆವ್ವ 'ಭಯಾನಕವಾಗಿತ್ತು' ಎಂದು ಬರೆದರೆ ಯಾರೂ ಹೆದರುವುದಿಲ್ಲ; ಅದು ಯಾವ ಮೆಟ್ಟಿಲಿನ ಮೇಲೆ, ಎಷ್ಟು ಹೊತ್ತು, ಯಾವ ಕಾಲಿನ ಮೇಲೆ ಭಾರ ಹಾಕಿ ನಿಂತಿತ್ತು ಎಂಬುದು ಬೇಕು.

ಅಂಕಿಗಳಿಗೆ ಇನ್ನೊಂದು ಗುಣವೂ ಉಂಟು. ಅವು ಕೆಲವೊಮ್ಮೆ ತಾವೇ ದೆವ್ವಗಳಾಗುತ್ತವೆ. 1927ರ ಸೆಪ್ಟೆಂಬರ್ 22ರಂದು ಷಿಕಾಗೊದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರೆದುರು ಡೆಂಪ್ಸಿಯ ಏಟಿಗೆ ಜೀನ್ ಟನಿ ನೆಲಕ್ಕೆ ಬಿದ್ದ. ಬೀಳಿಸಿದವನು ಮೊದಲು ದೂರದ ಮೂಲೆಗೆ ಹೋಗಬೇಕೆಂಬ ನಿಯಮವಿತ್ತು. ಡೆಂಪ್ಸಿ ಹೋಗಲು ತಡಮಾಡಿದ್ದರಿಂದ ರೆಫರಿ ಹತ್ತರವರೆಗಿನ ಎಣಿಕೆ ಶುರುಮಾಡುವುದೂ ತಡವಾಯಿತು. ಟನಿ ಒಂಬತ್ತರ ಎಣಿಕೆಗೆ ಎದ್ದ, ಪಂದ್ಯ ಗೆದ್ದ. ಅವನು ನೆಲದ ಮೇಲಿದ್ದದ್ದು ಗಡಿಯಾರದ ಲೆಕ್ಕದಲ್ಲಿ ಸುಮಾರು 14 ಸೆಕೆಂಡು. ಒಂಬತ್ತು ಮತ್ತು ಹದಿನಾಲ್ಕರ ನಡುವೆ ಕಳೆದುಹೋದ ಆ ಐದು ಸೆಕೆಂಡುಗಳನ್ನು ಬಾಕ್ಸಿಂಗ್ ಪ್ರಿಯರು ಇಂದಿಗೂ ಹುಡುಕುತ್ತಿದ್ದಾರೆ. ಕ್ರಿಕೆಟ್ ಅಂಪೈರ್ ಡೇವಿಡ್ ಶೆಪರ್ಡ್ ಸ್ಕೋರು 111 ಆದಾಗಲೆಲ್ಲ ಅಪಶಕುನ ಕಳೆಯಲು ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ದೂರದರ್ಶನದಲ್ಲಿ ಕಂಡಿರುತ್ತಾರೆ. ಮೈದಾನದಲ್ಲಿ ಅತ್ಯಂತ ವಸ್ತುನಿಷ್ಠನಾಗಿರಬೇಕಾದ ಮನುಷ್ಯನೇ ಅವನು!

ಪರಕಾಯ ಪ್ರವೇಶ ಗ್ಯಾಲಿಕೊನ ಅರ್ಧ ಬಂಡವಾಳ. ಉಳಿದರ್ಧಕ್ಕೂ ನಮ್ಮಲ್ಲಿ ಒಳ್ಳೆಯ ಪದವಿದೆ: ಕಣ್ಕಟ್ಟು. ಇದನ್ನು ಅವನು ಕಲಿತದ್ದೂ ಬಾಕ್ಸಿಂಗ್ ರಿಂಗಿನ ಬದಿಯಲ್ಲೇ. 1930ರಲ್ಲಿ ಪ್ರಿಮೊ ಕಾರ್ನೆರಾ ಎಂಬ ಇಟಲಿಯ ದೈತ್ಯಕಾಯನನ್ನು ಅಮೆರಿಕಕ್ಕೆ ಕರೆತಂದರು. ಅವನೆದುರು ನಿಂತವರೆಲ್ಲ ಪಟಪಟನೆ ಬೀಳತೊಡಗಿದರು. ಜನ ಬೆರಗಾಗಿ ನೋಡಿದರು, ಪತ್ರಿಕೆಗಳು ಬೆರಗನ್ನು ಮಾರಿದವು. ಆದರೆ ಬೀಳುವವನು ಏಟು ತಗುಲುವ ಮುನ್ನ ಬೀಳುತ್ತಾನೋ, ತಗುಲಿದ ಮೇಲೆ ಬೀಳುತ್ತಾನೋ ಎಂಬುದು, ಒಮ್ಮೆ ನಿಜವಾಗಿ ಬಿದ್ದು ಗೊತ್ತಿದ್ದವನಿಗೆ ಕಾಣದೆ ಇರುತ್ತದೆಯೇ? ಕಾರ್ನೆರಾ 1933ರಲ್ಲಿ ವಿಶ್ವ ಚಾಂಪಿಯನ್ನನೂ ಆದ. ಮರುವರ್ಷ ಜೂನ್ 14ರಂದು ಮ್ಯಾಕ್ಸ್ ಬೇರ್ ಎದುರು ಹನ್ನೊಂದು ಸಲ ನೆಲಕ್ಕೆ ಬಿದ್ದ. ಅವನ ಪಂದ್ಯಗಳಲ್ಲಿ ಎಷ್ಟೋ ಮೊದಲೇ ಹೊಂದಿಸಿಟ್ಟವು, ದುಡ್ಡು ತಿಂದವರು ಅವನ ಸುತ್ತಲಿದ್ದ ಪುಂಡರು, ಏಟು ತಿಂದವನು ಮಾತ್ರ ಆ ಬಡಪಾಯಿ ಎಂದು ಗ್ಯಾಲಿಕೊ ಬರೆದ. ಆ ಬರಹದಲ್ಲಿ ವಂಚಕರ ಮೇಲೆ ಇರುವ ಸಿಟ್ಟಿಗಿಂತ, ತನ್ನ ಬಲ ನಿಜವೆಂದೇ ನಂಬಿದ್ದ ದೈತ್ಯನ ಮೇಲಿನ ಮರುಕ ದೊಡ್ಡದು. ದೆವ್ವ ಬಿಡಿಸುವ ಕಥೆಗಳನ್ನು ಬರೆಯಲು ಇದಕ್ಕಿಂತ ಒಳ್ಳೆಯ ತಾಲೀಮು ಇಲ್ಲ: ಮೋಸವನ್ನು ಬಯಲು ಮಾಡುವ ಕಣ್ಣು, ಮೋಸಹೋದವನ ಬಗ್ಗೆ ಮರುಕ.

1936ರ ಹೊತ್ತಿಗೆ ಗ್ಯಾಲಿಕೊನ ಒಂದು ಸಣ್ಣಕಥೆ ಸಿನಿಮಾದವರಿಗೆ 5,000 ಡಾಲರಿಗೆ ಮಾರಾಟವಾಯಿತು. ದೇಶದ ಅತಿ ಹೆಚ್ಚು ಸಂಬಳದ ಕ್ರೀಡಾ ಅಂಕಣಕಾರರಲ್ಲಿ ಒಬ್ಬನಾಗಿದ್ದವನು ಆ ಗಂಟನ್ನು ನಂಬಿ ಕೆಲಸ ಬಿಟ್ಟು ಇಂಗ್ಲೆಂಡಿಗೆ ಹೋದ. ಡೆವನ್ ಕಡಲತೀರದ ಸಾಲ್ಕಂಬ್ ಊರಿನ ಮನೆಯಲ್ಲಿ ಅವನ ಜೊತೆಗಿದ್ದದ್ದು ಒಂದು ಗ್ರೇಟ್ ಡೇನ್ ನಾಯಿ ಮತ್ತು 23 ಬೆಕ್ಕುಗಳು. 1938ರಲ್ಲಿ 'ಫೇರ್‌ವೆಲ್ ಟು ಸ್ಪೋರ್ಟ್' ಎಂಬ ಪುಸ್ತಕ ಬರೆದು ಕ್ರೀಡಾಲೋಕಕ್ಕೆ ಕೈಮುಗಿದ. ಡೆಂಪ್ಸಿಯ ಗುದ್ದೂ ಕಾರ್ನೆರಾನ ಕಥೆಯೂ ಸಿಗುವುದು ಅದರಲ್ಲಿಯೇ. ಅದರ ಬೆನ್ನಿಗೆ ಬಂದ ಅವನ ಕಥಾನಾಯಕ ಹೈರಮ್ ಹಾಲಿಡೇ ಪತ್ರಿಕೆಯ ಡೆಸ್ಕಿನಲ್ಲಿ ಕರಡು ತಿದ್ದುವವನು. ಸರಿಯಾದ ಜಾಗದಲ್ಲಿ ಒಂದು ಅಲ್ಪವಿರಾಮ ಹಾಕಿ ಪತ್ರಿಕೆಯನ್ನು ಮಾನನಷ್ಟದ ಮೊಕದ್ದಮೆಯಿಂದ ಉಳಿಸಿ, ಸಿಕ್ಕ ಬಹುಮಾನದಲ್ಲಿ ವಿದೇಶ ಪ್ರವಾಸ ಹೊರಡುತ್ತಾನೆ. ನಮ್ಮ ಡೆಸ್ಕಿನವರಿಗೆ ಈ ಕಥೆ ಹೇಳಿದಾಗ, ಇದನ್ನೇ ಅತಿಮಾನುಷ ಕಥೆ ಎನ್ನಬೇಕು ಎಂದರು.

ಅವನಿಗೆ ಲೋಕದ ಹೆಸರು ತಂದದ್ದು 1940ರ 'ದಿ ಸ್ನೋ ಗೂಸ್'. ಅದು ದೆವ್ವದ ಕಥೆಯಲ್ಲ. ಎಸೆಕ್ಸ್ ಕಡಲ ಜವುಗಿನಲ್ಲಿ ಒಂಟಿಯಾಗಿ ಬದುಕುವ ಗೂನುಬೆನ್ನಿನ ಚಿತ್ರಕಾರ, ಗಾಯಗೊಂಡ ಹಕ್ಕಿಯನ್ನು ಹೊತ್ತು ತರುವ ಹುಡುಗಿ, ಕೊನೆಗೆ ಡನ್‌ಕರ್ಕ್ ತೀರದಿಂದ ಸೈನಿಕರನ್ನು ದೋಣಿಯಲ್ಲಿ ಸಾಗಿಸುವಾಗ ಚಿತ್ರಕಾರನ ಸಾವು. ಆದರೆ ಒಂದು ಸಂಗತಿಯನ್ನು ಕಸುಬಿನ ಕಣ್ಣಿನಿಂದ ನೋಡಬೇಕು. ಡನ್‌ಕರ್ಕಿನಲ್ಲಿ ಆ ಬಿಳಿ ಹಕ್ಕಿ ದೋಣಿಯ ಮೇಲೆ ಸುತ್ತುತ್ತಿದ್ದುದನ್ನು ಕಥೆಗಾರ ತಾನಾಗಿ ಹೇಳುವುದಿಲ್ಲ. ಬದುಕಿ ಬಂದ ಸೈನಿಕರು ಹೋಟೆಲಿನಲ್ಲಿ ಕುಡಿಯುತ್ತಾ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಹೇಳುತ್ತಾರೆ, ನೌಕಾಪಡೆಯ ಅಧಿಕಾರಿಗಳು ತಮ್ಮ ಗತ್ತಿನಲ್ಲಿ ಹೇಳುತ್ತಾರೆ. ಪವಾಡವನ್ನು ತಾನು ಕಾಣದ ವರದಿಗಾರ ಮಾಡುವುದು ಇದನ್ನೇ: ಕಂಡವರನ್ನು ಹುಡುಕಿ, ಅವರ ಮಾತನ್ನು ಅವರವರ ಧಾಟಿಯಲ್ಲೇ ಬರೆದುಕೊಂಡು, ತನ್ನ ತೀರ್ಪನ್ನು ಜೇಬಿನಲ್ಲಿಟ್ಟುಕೊಳ್ಳುವುದು. ಪಂದ್ಯ ಮುಗಿದ ಮೇಲೆ ಆಟಗಾರರ ಕೋಣೆಯ ಬಾಗಿಲಲ್ಲಿ ಕಾದು ನಿಂತು ಅಭ್ಯಾಸವಿದ್ದವನಿಗೆ ಈ ವಿದ್ಯೆ ಹೊಸದಲ್ಲ.

ನೇರವಾಗಿ ದೆವ್ವಗಳ ಕಡೆಗೆ ಅವನು ಹೊರಳಿದ್ದು ಅರವತ್ತು ದಾಟಿದ ಮೇಲೆ. 1959ರ 'ಟೂ ಮೆನಿ ಗೋಸ್ಟ್ಸ್' ಕಾದಂಬರಿಯ ನಾಯಕ ಅಲೆಗ್ಸಾಂಡರ್ ಹೀರೊ ಪ್ರೇತ ಸಂಶೋಧಕ. ಇಂಗ್ಲೆಂಡಿನ ಹಳೆಯ ಬಂಗಲೆಯೊಂದರಲ್ಲಿ, ಬೀಗ ಹಾಕಿದ ಸಂಗೀತದ ಕೋಣೆಯೊಳಗೆ ಹಾರ್ಪ್ ವಾದ್ಯ ತಾನಾಗಿ ನುಡಿಯುತ್ತದೆ, ಸಂನ್ಯಾಸಿನಿಯೊಬ್ಬಳ ಪ್ರೇತ ಓಡಾಡುತ್ತದೆ. ಹೀರೊ ಮಂತ್ರ ಹಾಕುವವನಲ್ಲ. ಉಪಕರಣಗಳ ಪೆಟ್ಟಿಗೆ ಹೊತ್ತು ಬಂದು ಬಾಗಿಲು, ಕಿಟಕಿ, ಗಂಟೆ, ನಿಮಿಷ ಗುರುತು ಹಾಕಿಕೊಳ್ಳುವವನು. ಯಾರು ಎಲ್ಲಿ ನಿಂತಿದ್ದರು, ಯಾರ ಕೈ ಕಾಣುತ್ತಿರಲಿಲ್ಲ ಎಂದು ಅವನು ಕೇಳುವಾಗಲೆಲ್ಲ ನನಗೆ ಕಾರ್ನೆರಾನ ರಿಂಗಿನ ಪಕ್ಕದಲ್ಲಿ ಕುಳಿತ ವರದಿಗಾರ ಕಾಣುತ್ತಾನೆ. ಹೀರೊನಲ್ಲಿ ನಾನು ಮೆಚ್ಚುವುದು ಅವನ ಒಳಗಿನ ಆಸೆಯನ್ನು. ನೂರು ಕಡೆ ಕಣ್ಕಟ್ಟನ್ನು ಬಯಲು ಮಾಡಿದವನಿಗೆ ಒಂದಾದರೂ ನಿಜವಾದ ಪ್ರೇತ ಸಿಗಲಿ ಎಂಬ ಹಂಬಲ ಇರುವುದಿಲ್ಲವೇ? ಪಂದ್ಯ ಫಿಕ್ಸ್ ಆಗಿದೆಯೆಂದು ಗೊತ್ತಿದ್ದೂ ಕೊನೆಯ ಸುತ್ತಿನವರೆಗೆ ಎದ್ದು ಹೋಗದೆ ಕೂರುವ ವರದಿಗಾರನ ಹಂಬಲ ಅದು.

ಐದು ವರ್ಷಗಳ ಮೇಲೆ, 1964ರಲ್ಲಿ, ಹೀರೊ 'ದಿ ಹ್ಯಾಂಡ್ ಆಫ್ ಮೇರಿ ಕಾನ್‌ಸ್ಟೆಬಲ್' ಕಾದಂಬರಿಗಾಗಿ ನ್ಯೂಯಾರ್ಕಿಗೆ ಬರುತ್ತಾನೆ. ಶೀತಲ ಸಮರದ ಕಾಲ. ಪುಟ್ಟ ಮಗಳನ್ನು ಕಳೆದುಕೊಂಡ ವಿಜ್ಞಾನಿಯೊಬ್ಬನಿಗೆ ಪ್ರೇತಾವಾಹನೆಯ ಕೋಣೆಯಲ್ಲಿ ಅವಳ ಕೈಯ ಮೇಣದ ಅಚ್ಚು ಸಿಗುತ್ತದೆ, ಅದರ ಮೇಲಿರುವುದು ಸತ್ತ ಮಗುವಿನ ಬೆರಳಚ್ಚು. ಇದನ್ನು ಓದಿದಾಗ ಬಾಸ್ಟನ್ನಿನ ಮಿನಾ ಕ್ರಾಂಡನ್ ಪ್ರಕರಣ ನೆನಪಾಗದೆ ಇರದು. 'ಮಾರ್ಜರಿ' ಎಂಬ ಹೆಸರಿನಲ್ಲಿ ಪ್ರಸಿದ್ಧಳಾಗಿದ್ದ ಆಕೆಯ ಮೂಲಕ ಸತ್ತ ಅಣ್ಣ ವಾಲ್ಟರ್ ಮಾತನಾಡುತ್ತಾನೆಂದು ಜನ ನಂಬಿದ್ದರು. 1924ರಲ್ಲಿ ಗಾರುಡಿಗ ಹೌಡಿನಿ ಆಕೆಯ ಕೋಣೆಯಲ್ಲಿ ಕುಳಿತು, ಇದು ಮೋಸವೆಂದು ಸಾರಿದ. ಆಮೇಲೆ ಹಲ್ಲಿನ ವೈದ್ಯರು ಬಳಸುವ ಮೇಣದ ಮೇಲೆ ವಾಲ್ಟರನ ಹೆಬ್ಬೆರಳಿನ ಗುರುತುಗಳು ಮೂಡತೊಡಗಿದವು. ಅವು ಆಕೆಯದೇ ದಂತವೈದ್ಯನ ಹೆಬ್ಬೆರಳಿನವು ಎಂದು 1932ರಲ್ಲಿ ಪತ್ತೆಯಾಯಿತು. ಆತ ಬದುಕಿದ್ದ, ಗಟ್ಟಿಮುಟ್ಟಾಗಿಯೇ ಇದ್ದ. ಈ ಗದ್ದಲವೆಲ್ಲ ನಡೆಯುವಾಗ ಗ್ಯಾಲಿಕೊ ನ್ಯೂಯಾರ್ಕಿನಲ್ಲಿ ಕ್ರೀಡಾ ಪತ್ರಕರ್ತ. ಕಾದಂಬರಿಯಲ್ಲಿ ಹೀರೊ ಮೇಣದ ಕೈಯನ್ನು ಪರೀಕ್ಷಿಸುವ ತಾಳ್ಮೆ ನೋಡಿದರೆ, ಒಂದು ಗೋಲು ಗೆರೆ ದಾಟಿತೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡುವವರ ತಾಳ್ಮೆಯೇ ಅದು.

ಈ ದಾರಿಯಲ್ಲಿ ಗ್ಯಾಲಿಕೊಗಿಂತ ಮೊದಲು ನಡೆದ ಒಬ್ಬನನ್ನಾದರೂ ನೆನೆಯಬೇಕು. ವಿಲಿಯಂ ಹೋಪ್ ಹಾಡ್ಜ್‌ಸನ್ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಊರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದವನು, ಅಂಗಸಾಧನೆಯ ಬಗ್ಗೆ ಪತ್ರಿಕೆಗಳಿಗೆ ಲೇಖನ ಬರೆಯುತ್ತಿದ್ದವನು. 1902ರ ಅಕ್ಟೋಬರಿನಲ್ಲಿ ಇದೇ ಹೌಡಿನಿ ಆ ಊರಿಗೆ ಬಂದು ಸವಾಲು ಹಾಕಿದಾಗ, ಹಾಡ್ಜ್‌ಸನ್ ತನ್ನ ಕೋಳ-ಸರಪಳಿ ತಂದು ಎಂಥ ಬಿಗಿ ಬಿಗಿದನೆಂದರೆ, ಬಿಡಿಸಿಕೊಳ್ಳಲು ಹೌಡಿನಿಗೆ ಒಂದೂವರೆ ಗಂಟೆಗೂ ಹೆಚ್ಚು ಹಿಡಿಯಿತು. ಮುಂದೆ ಅವನು ಪ್ರೇತ ಪತ್ತೇದಾರ ಕಾರ್ನಾಕಿಯ ಕಥೆಗಳನ್ನು ಬರೆದ. ಅವುಗಳಲ್ಲಿ ಕೆಲವು ಕಡೆ ದೆವ್ವ ಬರೀ ಮೋಸ, ಕೆಲವು ಕಡೆ ನಿಜ; ಓದುತ್ತಾ ಹೋದಂತೆ ಯಾವುದು ಯಾವುದೆಂದು ಮೊದಲೇ ಗೊತ್ತಾಗುವುದಿಲ್ಲ. ಒಬ್ಬ ಗಾರುಡಿಗನ ಮಣಿಕಟ್ಟನ್ನು ತನ್ನ ಕೈಯಾರೆ ಬಿಗಿದವನು ಬರೆಯಬಹುದಾದ ಕಥೆಗಳೇ ಅವು. 1918ರ ಏಪ್ರಿಲಿನಲ್ಲಿ ಯುದ್ಧಭೂಮಿಯಲ್ಲಿ ಸತ್ತ.

ಗ್ಯಾಲಿಕೊನನ್ನು ಹೊಗಳುತ್ತಾ ಹೋದರೆ ವಿದ್ಯಾರ್ಥಿಗಳಾದ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಅಥ್ಲೀಟ್ ಬೇಬ್ ಡಿಡ್ರಿಕ್ಸನ್ ಎರಡು ಚಿನ್ನ, ಒಂದು ಬೆಳ್ಳಿ ಗೆದ್ದಳು. ಆಕೆಯ ಬಗ್ಗೆ ಅವನು ಬರೆದದ್ದರಲ್ಲಿ ಹೆಣ್ತನದ ಅಣಕವೇ ಹೆಚ್ಚು, ಓಟ ಕಡಿಮೆ. ಯಹೂದಿ ಬ್ಯಾಸ್ಕೆಟ್‌ಬಾಲ್ ಆಟಗಾರರ ಜಾಣತನವನ್ನು ಅವರ ಜನಾಂಗದ ಕುಟಿಲತೆಗೆ ಗಂಟುಹಾಕಿದ ಮಾತುಗಳು 'ಫೇರ್‌ವೆಲ್ ಟು ಸ್ಪೋರ್ಟ್' ಪುಸ್ತಕದಲ್ಲಿವೆ, ಇಂದು ಓದಿದರೆ ಮುಜುಗರವಾಗುತ್ತದೆ. ಡೆಂಪ್ಸಿಯ ಎದುರು ನಿಂತವನ ಮೈಯನ್ನು ಹೊಕ್ಕು ನೋಡಿದವನಿಗೆ ಇವರ ಮೈಯೊಳಗೆ ಹೊಕ್ಕು ನೋಡಬೇಕೆಂದು ಏಕೆ ತೋಚಲಿಲ್ಲ? ಕಾಲದ ದೋಷವೆಂದು ತಳ್ಳಿಹಾಕುವುದು ಸುಲಭ. ನನಗೆ ಅನ್ನಿಸುವುದು ಬೇರೆ. ತಾನು ಆಗಬಯಸಿದವರನ್ನು ಮಾತ್ರ ಅವನು ಹೊಕ್ಕು ನೋಡಿದ, ಉಳಿದವರನ್ನು ಪ್ರೆಸ್ ಬಾಕ್ಸಿನ ಎತ್ತರದಿಂದ ನೋಡಿದ. ಈ ಮಿತಿಯನ್ನು ಅವನು ಕೊಂಚವಾದರೂ ದಾಟಿದ್ದು ಮನುಷ್ಯರನ್ನು ಬಿಟ್ಟು ಬೆಕ್ಕುಗಳ ಕಡೆ ಹೋದಾಗ.

1966ರ 'ದಿ ಮ್ಯಾನ್ ಹೂ ವಾಸ್ ಮ್ಯಾಜಿಕ್' ಬಗ್ಗೆ ಎರಡೇ ಮಾತು. ಕೈಚಳಕದ ಗಾರುಡಿಗರೇ ತುಂಬಿದ ಊರೊಂದಕ್ಕೆ ನಿಜವಾದ ಮಾಯೆ ಬಲ್ಲವನೊಬ್ಬ ಬರುತ್ತಾನೆ. ಅವನು ಮಾಡಿದ್ದನ್ನು ಕಂಡವರು ಬೆರಗಾಗುವುದಿಲ್ಲ, ತಂತ್ರ ಯಾವುದು ಎಂದು ಕೇಳುತ್ತಾರೆ, ಆಮೇಲೆ ಹೆದರುತ್ತಾರೆ. ಫಿಕ್ಸಿಂಗ್ ಹಗರಣಗಳಾದ ಮೇಲೆ ಕೊನೆಯ ಚೆಂಡಿನ ಗೆಲುವನ್ನು ನಮ್ಮ ಜನ ನೋಡುವ ರೀತಿ ಇದೇ. ವಸ್ತು ಅಷ್ಟು ಚೆಲುವಾಗಿದ್ದರೂ ಪುಸ್ತಕದಲ್ಲಿ ಸಿಹಿ ಜಾಸ್ತಿಯಾಗಿದೆ, ನಾನು ಎರಡನೇ ಸಲ ಓದಲಿಲ್ಲ.

ನಾನು ಮತ್ತೆ ಮತ್ತೆ ಓದುವುದು 1950ರ 'ಜೆನ್ನಿ' ಕಾದಂಬರಿಯನ್ನು. ಲಂಡನ್ನಿನ ಎಂಟು ವರ್ಷದ ಹುಡುಗ ಪೀಟರ್ ಬೆಕ್ಕಿನ ಮರಿಯೊಂದರ ಹಿಂದೆ ರಸ್ತೆಗೆ ಓಡಿ ಲಾರಿಗೆ ಸಿಕ್ಕುತ್ತಾನೆ, ಎಚ್ಚರವಾದಾಗ ಬಿಳಿ ಬೆಕ್ಕಾಗಿದ್ದಾನೆ. ಅತಿಮಾನುಷವಾದದ್ದು ಇಷ್ಟೇ, ಅದು ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಉಳಿದದ್ದೆಲ್ಲ ತಾಲೀಮು. ಜೆನ್ನಿ ಎಂಬ ಬೀದಿಬೆಕ್ಕು ಅವನಿಗೆ ಬೆಕ್ಕಾಗಿ ಬದುಕುವುದನ್ನು ಕಲಿಸುತ್ತಾಳೆ. ಮೈ ನೆಕ್ಕಿಕೊಳ್ಳುವ ಪಾಠವೊಂದಕ್ಕೇ ಗ್ಯಾಲಿಕೊ ಪುಟಗಟ್ಟಲೆ ಜಾಗ ಕೊಟ್ಟಿದ್ದಾನೆ. ಹೇಗೆ ಕೂರಬೇಕು, ಯಾವ ಕಾಲನ್ನು ಎಲ್ಲಿ ಊರಿದರೆ ತೂಕ ತಪ್ಪುವುದಿಲ್ಲ, ಕತ್ತು ಎಷ್ಟು ತಿರುಗಿದರೆ ನಾಲಗೆ ಬೆನ್ನಿಗೆ ಮುಟ್ಟುತ್ತದೆ. ದಿಕ್ಕು ತೋಚದಾಗ ಮೊದಲು ಮೈ ನೆಕ್ಕಿಕೋ, ಮುಂದಿನದನ್ನು ಆಮೇಲೆ ಯೋಚಿಸು ಎಂಬುದು ಅವಳ ಮೊದಲ ಸೂತ್ರ. ಔಟಾಗುವ ಭಯದಲ್ಲಿರುವ ಬ್ಯಾಟ್ಸ್‌ಮನ್ ಕೈಗವಸು ಬಿಚ್ಚಿ ಮತ್ತೆ ಕಟ್ಟಿಕೊಳ್ಳುವುದೂ ಇದಕ್ಕೇ. ಎತ್ತರದಿಂದ ಬೀಳುವಾಗ ಮೈಯನ್ನು ಗಾಳಿಯಲ್ಲೇ ತಿರುಚಿ ನಾಲ್ಕು ಕಾಲಿನ ಮೇಲೆ ನಿಲ್ಲುವುದು, ಹಡಗಿನಲ್ಲಿ ಇಲಿ ಹಿಡಿಯುವಾಗ ಹೊಂಚುವುದು, ಇವನ್ನೆಲ್ಲ ಅವಳು ಒಬ್ಬ ಒಳ್ಳೆಯ ಕೋಚ್ ಹೇಳಿಕೊಡುವ ಹಾಗೆ, ತಪ್ಪು ತಿದ್ದುತ್ತಾ, ಮತ್ತೊಮ್ಮೆ ಮಾಡಿಸುತ್ತಾ ಹೇಳಿಕೊಡುತ್ತಾಳೆ. ಹುಡುಗ ಬೆಕ್ಕಾದನೆಂದು ನಾವು ನಂಬುವುದು ಲಾರಿ ಬಡಿದ ಪುಟದಲ್ಲಲ್ಲ, ಅವನು ಮೊದಲ ಸಲ ಬೆನ್ನು ನೆಕ್ಕಿಕೊಳ್ಳಲು ಹೋಗಿ ಉರುಳಿಬೀಳುವ ಪುಟದಲ್ಲಿ.

ಕಥೆಯ ಕೊನೆಗೆ ಪೀಟರ್ ಜೆನ್ನಿಗಾಗಿ ಒಂದು ಗಡವ ಬೆಕ್ಕಿನೊಡನೆ ಕಾದಾಡಬೇಕಾಗುತ್ತದೆ. ಹತ್ತಾರು ಜಗಳಗಳ ಗಾಯದ ಗುರುತು ಹೊತ್ತ, ಎದುರು ನಿಂತವರನ್ನು ಉಳಿಸದ ಬೆಕ್ಕು ಅದು. ಕಾದಾಟ ಪುಟಗಟ್ಟಲೆ ನಡೆಯುತ್ತದೆ, ಒಂದೊಂದು ಪಂಜದ ಏಟೂ ಎಲ್ಲಿ ಬಿತ್ತು, ಬಿದ್ದ ಮೇಲೆ ತಲೆಯೊಳಗೆ ಏನಾಯಿತು ಎಂಬುದರ ಸಮೇತ. ಅದನ್ನು ಮುಗಿಸಿಯೇ ಪೀಟರ್ ಮತ್ತೆ ಹುಡುಗನಾಗಿ ಹಾಸಿಗೆಯಲ್ಲಿ ಕಣ್ಣು ತೆರೆಯುವುದು. ಆ ಗಡವ ಬೆಕ್ಕಿಗೆ ಗ್ಯಾಲಿಕೊ ಇಟ್ಟ ಹೆಸರು ಡೆಂಪ್ಸಿ. ಸರಟೋಗದ ಆ ಮಧ್ಯಾಹ್ನ ಕಳೆದು ಇಪ್ಪತ್ತೇಳು ವರ್ಷವಾಗಿತ್ತು, ಮತ್ತು ಈ ಸಲ ಅವನು ಪಂದ್ಯವನ್ನು ಎರಡು ನಿಮಿಷದಲ್ಲಿ ಮುಗಿಯಲು ಬಿಡಲಿಲ್ಲ.